ಬೋಟಿನ ಫ್ಯಾನು, ವಿಮಾನದ ಅಲಗು: ಬಿರುಕು ಹುಡುಕುವ ಕೆಲಸ ಹೇಗೆ ನಡೆಯುತ್ತದೆ?

ಪ್ರಶ್ನೆ: ನಮ್ಮದು ಕಾರವಾರದ ಬೈತಖೋಲದಲ್ಲಿ ಟ್ರಾಲ್ ಬೋಟ್ ಇರುವ ಮನೆ. ಬೋಟಿನ ಫ್ಯಾನು, ಅಂದರೆ ನೀರಿನೊಳಗೆ ತಿರುಗುವ ಪ್ರೊಪೆಲ್ಲರ್, ಬಂಡೆಗೆ ತಾಗಿ ಅಂಚು ಹಾರಿದರೆ ವೆಲ್ಡಿಂಗ್ ಮಾಡಿಸಿ, ಉಜ್ಜಿಸಿ ಮತ್ತೆ ಹಾಕುತ್ತೇವೆ. ಈಚೆಗೆ ಹುಬ್ಬಳ್ಳಿಯಲ್ಲಿ ಎಟಿಆರ್ ವಿಮಾನ ಹತ್ತುವಾಗ, ಸಮವಸ್ತ್ರ ತೊಟ್ಟವರೊಬ್ಬರು ಟಾರ್ಚ್ ಹಿಡಿದು ಪ್ರೊಪೆಲ್ಲರಿನ ಒಂದೊಂದೇ ಅಲಗನ್ನು ಕೈಯಿಂದ ಸವರಿ ನೋಡುತ್ತಿದ್ದುದನ್ನು ಕಂಡೆ. ಸವರಿದರೆ ಬಿರುಕು ತಿಳಿಯುತ್ತದೆಯೇ? ಒಳಗಿನ ಬಿರುಕನ್ನು ಹೇಗೆ ಹುಡುಕುತ್ತಾರೆ? ಸಿಕ್ಕಿದರೆ ವೆಲ್ಡಿಂಗ್ ಮಾಡುತ್ತಾರೆಯೇ? ಅಂಕೋಲೆಯ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಬಂದರೆ ನಮ್ಮ ಕಡಲಿನ ಉಪ್ಪುಗಾಳಿ ಇವುಗಳಿಗೆ ತೊಂದರೆ ಕೊಡುವುದಿಲ್ಲವೇ?

ಉತ್ತರ: ವೆಲ್ಡಿಂಗ್ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ವಿಮಾನದ ಅಲ್ಯೂಮಿನಿಯಂ ಅಲಗಿನಲ್ಲಿ ಬಿರುಕು ಕಂಡರೆ ಅದನ್ನು ಬೆಸೆಯುವುದಿಲ್ಲ, ತುಂಬುವುದಿಲ್ಲ, ಬಡಿದು ಕೂಡಿಸುವುದೂ ಇಲ್ಲ. ಆ ಅಲಗಿನ ಸೇವೆ ಅಲ್ಲಿಗೆ ಮುಗಿಯಿತು. ನಿಮ್ಮ ಬೋಟಿನ ಫ್ಯಾನು ಎರಕ ಹೊಯ್ದ ಕಂಚಿನದು. ಪೆಟ್ಟು ಬಿದ್ದರೆ ಬಾಗುವ, ಬೆಸುಗೆಯನ್ನು ತಕ್ಕಮಟ್ಟಿಗೆ ತಾಳುವ ಲೋಹ ಅದು. ವಿಮಾನದ ಅಲಗನ್ನಾದರೋ ಅಲ್ಯೂಮಿನಿಯಂ ಮಿಶ್ರಲೋಹದ ಗಟ್ಟಿಯಿಂದ ಬಡಿದು ರೂಪಿಸಿ, ನಿಗದಿತ ತಾಪದಲ್ಲಿ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಗಡಸು ಮಾಡಿರುತ್ತಾರೆ. ವೆಲ್ಡಿಂಗಿನ ಬಿಸಿ ತಾಗಿದ ಕಡೆ ಆ ಹದವೆಲ್ಲ ಕೆಡುತ್ತದೆ. ಉಜ್ಜಿ ಹೊಳಪು ಕೊಟ್ಟ ಮೇಲೆ ಹೊರನೋಟಕ್ಕೆ ಹೊಸದರಂತೆ ಕಾಣುವ ಅಲಗಿನಲ್ಲಿ, ಕಣ್ಣಿಗೆ ಕಾಣದ ಒಂದು ಮೆತ್ತನೆಯ ಪಟ್ಟಿ ಉಳಿದುಬಿಡುತ್ತದೆ.

ಇಷ್ಟು ಕಟ್ಟುನಿಟ್ಟು ಏಕೆ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. ನಿಮ್ಮ ಬೋಟಿನ ಫ್ಯಾನು ನಿಮಿಷಕ್ಕೆ 500 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಅದರ ನಡುವಿನಿಂದ ಅರ್ಧ ಮೀಟರ್ ದೂರದಲ್ಲಿರುವ ಒಂದು ಕೆ.ಜಿ. ಲೋಹ ಹೊರಕ್ಕೆ ಕಿತ್ತುಕೊಂಡು ಹೋಗಲು ಸುಮಾರು 140 ಕೆ.ಜಿ. ಭಾರದಷ್ಟು ಬಲದಿಂದ ಜಗ್ಗುತ್ತದೆ. ತರಬೇತಿ ಕೇಂದ್ರಗಳಲ್ಲಿ ಎಲ್ಲೆಡೆ ಕಾಣುವ ಸೆಸ್ನಾ 172 ಮಾದರಿಯ ಪುಟ್ಟ ವಿಮಾನದ ಎರಡು ಅಲಗಿನ ಪ್ರೊಪೆಲ್ಲರ್ ಗರಿಷ್ಠ 2,700 ಸುತ್ತು ತಿರುಗುತ್ತದೆ. ಅಲ್ಲಿ ಅದೇ ಅರ್ಧ ಮೀಟರಿನಲ್ಲಿರುವ ಒಂದು ಕೆ.ಜಿ. ಲೋಹ ನಾಲ್ಕು ಟನ್ನಿಗೂ ತುಸು ಹೆಚ್ಚು ಬಲದಿಂದ ಜಗ್ಗುತ್ತದೆ. ಸುತ್ತಿನ ವೇಗ ಐದೂವರೆ ಪಟ್ಟಿಗಿಂತ ಕಡಿಮೆ ಹೆಚ್ಚಿದರೂ ಜಗ್ಗುವ ಬಲ ಇಪ್ಪತ್ತೊಂಬತ್ತು ಪಟ್ಟು ಹೆಚ್ಚಿತು, ಏಕೆಂದರೆ ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಲಗಿನ ಬುಡ ಇಡೀ ಅಲಗಿನ ಜಗ್ಗಾಟವನ್ನು ಹಿಡಿದು ನಿಲ್ಲಬೇಕು. ತುದಿಯಲ್ಲಿ ಹತ್ತೇ ಗ್ರಾಂ ಲೋಹ ಹಾರಿಹೋದರೂ ಎರಡು ಅಲಗುಗಳ ನಡುವೆ ಸುಮಾರು 78 ಕೆ.ಜಿ. ಭಾರದ ಹೊಯ್ದಾಟ ಹುಟ್ಟುತ್ತದೆ. ಅದೂ ಸೆಕೆಂಡಿಗೆ 45 ಬಾರಿ ದಿಕ್ಕು ಬದಲಿಸುತ್ತ ಎಂಜಿನ್ನನ್ನು ಅಲುಗಿಸುತ್ತದೆ. ಅಂಗೈ ಅಗಲದ ತುಂಡೊಂದು ಹೋದರೆ ಎಂಜಿನ್ ತನ್ನ ಕಟ್ಟಿನಿಂದಲೇ ಕಿತ್ತುಬರಬಹುದು. ಬೋಟಿನ ಫ್ಯಾನು ಮುರಿದರೆ ಇನ್ನೊಂದು ಬೋಟಿಗೆ ಹಗ್ಗ ಕಟ್ಟಿ ಬಂದರಿಗೆ ಎಳೆದು ತರುತ್ತೀರಿ. ಆಕಾಶದಲ್ಲಿ ಆ ಅನುಕೂಲವಿಲ್ಲ.

ಜಗ್ಗುವ ಬಲವೊಂದೇ ಇದ್ದಿದ್ದರೆ ಕೆಲಸ ಸುಲಭವಿತ್ತು, ಏಕೆಂದರೆ ಆ ಬಲವನ್ನು ತಾಳುವಷ್ಟು ದಪ್ಪ ಮಾಡಿಟ್ಟರೆ ಸಾಕಾಗುತ್ತಿತ್ತು. ನಿಜವಾದ ತೊಡಕು ಲೋಹದ ದಣಿವು. ಎಂಜಿನ್ನಿನ ಒಂದೊಂದು ಸಿಡಿತಕ್ಕೂ, ಗಾಳಿಯ ಒಂದೊಂದು ಒತ್ತಡಕ್ಕೂ ಅಲಗು ಕೂದಲೆಳೆಯಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತದೆ. ನಿಮಿಷಕ್ಕೆ 2,700 ಸುತ್ತೆಂದರೆ ಗಂಟೆಗೆ 1,62,000 ಸುತ್ತು. ಎರಡು ಸಾವಿರ ಗಂಟೆ ಹಾರುವ ಹೊತ್ತಿಗೆ ಮೂವತ್ತೆರಡು ಕೋಟಿಗೂ ಹೆಚ್ಚು ಸುತ್ತು. ಉಕ್ಕಿಗೆ ಒಂದು ಮಿತಿಯಿದೆ, ಅದರ ಕೆಳಗಿನ ಬಾಗಾಟವನ್ನು ಅದು ಬಹುಮಟ್ಟಿಗೆ ಎಷ್ಟು ಬಾರಿ ಬೇಕಾದರೂ ತಾಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಸಣ್ಣ ಬಾಗಾಟವೂ ಅದರ ಲೆಕ್ಕಪುಸ್ತಕದಲ್ಲಿ ಜಮಾ ಆಗುತ್ತಲೇ ಇರುತ್ತದೆ. ನುಣುಪಾದ ಮೈಯಲ್ಲಿ ಈ ಲೆಕ್ಕ ತುಂಬಲು ಬಹುಕಾಲ ಬೇಕು. ಮೈಮೇಲೆ ಒಂದು ಚೂಪಾದ ಕಚ್ಚು ಬಿದ್ದರೆ ಮಾತ್ರ ಅದರ ತಳದಲ್ಲಿ ಒತ್ತಡ ಹಲವು ಪಟ್ಟು ಒಟ್ಟುಗೂಡುತ್ತದೆ. ಬಟ್ಟೆ ಅಂಗಡಿಯವರು ತುಂಡು ಹರಿಯುವ ಮೊದಲು ಅಂಚಿಗೆ ಕತ್ತರಿಯಿಂದ ಒಂದು ಸಣ್ಣ ಗಾಯ ಮಾಡಿಕೊಳ್ಳುವುದನ್ನು ನೋಡಿರುತ್ತೀರಿ. ಆಮೇಲೆ ಕೈಯ ಬಲವೇ ಸಾಕು.

ದಣಿವಿನ ಬಿರುಕಿನ ಇನ್ನೊಂದು ಗುಣವನ್ನು ಕಡಲತೀರದವರಾದ ನಿಮಗೆ ಹೇಳುವುದು ಸುಲಭ. ಮುರಿದುಬಿದ್ದ ಅಲಗಿನ ಮುರಿದ ಮುಖವನ್ನು ಬೆಳಕಿಗೆ ಹಿಡಿದರೆ, ಭರತ ಇಳಿದ ಮೇಲೆ ಹಸಿಮರಳಿನ ಮೇಲೆ ನೀರು ಬಿಟ್ಟುಹೋದ ಗೆರೆಗಳಂತೆ, ಒಂದು ಬಿಂದುವಿನ ಸುತ್ತ ಬಾಗಿದ ಗೆರೆಗಳು ಒಂದರ ಹಿಂದೊಂದು ಕಾಣುತ್ತವೆ. ಬಿರುಕು ನಿಂತು ನಿಂತು ಮುಂದೆ ಸರಿದ ಗುರುತುಗಳು ಅವು. ಗೆರೆಗಳು ಸುತ್ತುವರಿದ ಆ ಬಿಂದುವೇ ಬಿರುಕು ಹುಟ್ಟಿದ ಜಾಗ, ಮತ್ತು ಅಲ್ಲಿ ಹೆಚ್ಚಾಗಿ ಒಂದು ಕಲ್ಲೇಟಿನ ಕಚ್ಚೋ, ತುಕ್ಕಿನ ಕುಳಿಯೋ, ಉಪಕರಣ ಎಳೆದ ಗೀರೋ ಇರುತ್ತದೆ. ಬಿರುಕು ತನ್ನ ಬಾಳಿನ ಬಹುಪಾಲನ್ನು ಕಣ್ಣಿಗೆ ಕಾಣದಷ್ಟು ಸಣ್ಣದಾಗಿಯೇ ಕಳೆಯುತ್ತದೆ. ಕಾಣುವಷ್ಟು ದೊಡ್ಡದಾದ ಮೇಲೆ ಉಳಿದಿರುವ ಕಾಲ ಬಹಳ ಕಡಿಮೆ. ಆದ್ದರಿಂದಲೇ ವಿಮಾನ ನಿರ್ವಹಣೆಯ ನಮ್ಮ ವೃತ್ತಿಯಲ್ಲಿ ದಿನನಿತ್ಯದ ತಪಾಸಣೆಯು ಬಿರುಕಿಗಿಂತ ಮೊದಲು ಅದರ ತವರನ್ನು ಹುಡುಕುತ್ತದೆ.

ಹುಬ್ಬಳ್ಳಿಯಲ್ಲಿ ನೀವು ಕಂಡ ಕೈ ಮಾಡುತ್ತಿದ್ದುದು ಇದನ್ನೇ. ಸವರುವ ಕೈಗೆ ಬಿರುಕು ತಿಳಿಯುವುದಿಲ್ಲ, ತಿಳಿಯುವುದು ಗಾಯ. ಅಲಗು ಗಾಳಿಯನ್ನು ಸೀಳುವ ಮುಂದಿನ ಅಂಚಿನಲ್ಲಿ, ಅದರಲ್ಲೂ ತುದಿಯ ಕಡೆಯ ಕೆಲವು ಇಂಚುಗಳಲ್ಲಿ, ಓಡುದಾರಿಯಿಂದ ಎದ್ದ ಹರಳು ಬಡಿಯುವುದು ಹೆಚ್ಚು, ಮುರಿಯುವ ಅಲಗುಗಳು ಹೆಚ್ಚಾಗಿ ಮುರಿಯುವುದೂ ಆ ಭಾಗದಲ್ಲೇ. ಬೆರಳು ಬುಡದಿಂದ ತುದಿಗೆ ಸಾಗುವಾಗ ಎಲ್ಲಿ ತಡೆಯುತ್ತದೆಯೋ ಅಲ್ಲಿ ಉಗುರು ಇಟ್ಟು ನೋಡುತ್ತಾರೆ. ಉಗುರು ಸಿಕ್ಕಿಕೊಂಡರೆ ಟಾರ್ಚು, ಟಾರ್ಚಿನ ಮೇಲೂ ಅನುಮಾನ ಉಳಿದರೆ ಹತ್ತು ಪಟ್ಟು ಹಿಗ್ಗಿಸುವ ಮಸೂರ, ಆಮೇಲೆ ಎಂಜಿನಿಯರ್. ಟಾರ್ಚನ್ನು ಎದುರಿಗೆ ಹಿಡಿಯುವುದಕ್ಕಿಂತ ಅಲಗಿನ ಮೈಗೆ ಬಹುತೇಕ ತಾಗುವಂತೆ ಓರೆಯಾಗಿ ಹಿಡಿಯುವುದು ಒಳ್ಳೆಯದು, ಏಕೆಂದರೆ ಓರೆ ಬೆಳಕಿನಲ್ಲಿ ಸಣ್ಣ ತಗ್ಗಿಗೂ ನೆರಳಿರುತ್ತದೆ. ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು: ಪಿಸ್ಟನ್ ಎಂಜಿನ್ನಿನ ಪುಟ್ಟ ವಿಮಾನಗಳಲ್ಲಿ ಕೀಲಿ ತೆಗೆದಿದ್ದರೂ ಎಂಜಿನ್ನಿಗೆ ಕಿಡಿ ಒದಗಿಸುವ ಮ್ಯಾಗ್ನೆಟೋದ ಒಂದು ತಂತಿ ಕಡಿದಿದ್ದರೆ ಪ್ರೊಪೆಲ್ಲರನ್ನು ಕೈಯಿಂದ ತುಸು ತಿರುಗಿಸಿದರೂ ಎಂಜಿನ್ ಕೆಮ್ಮಿ ಒಂದು ಸುತ್ತು ಹೊಡೆಯಬಹುದು. ತರಬೇತಿ ಕೇಂದ್ರ ನೋಡಲು ಮಕ್ಕಳನ್ನು ಕರೆದೊಯ್ದರೆ ನಿಂತ ಪ್ರೊಪೆಲ್ಲರಿನ ಹತ್ತಿರ ಬಿಡಬೇಡಿ.

ಗಾಯ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಮಿತಿಯೊಳಗಿನ ಸಣ್ಣ ಕಚ್ಚಾದರೆ ಅದನ್ನು ತುಂಬುವ ಬದಲು ಇನ್ನಷ್ಟು ಅಗಲ ಮಾಡುತ್ತಾರೆ ಎಂದರೆ ನಿಮಗೆ ಸೋಜಿಗವಾಗಬಹುದು. ಸಣ್ಣ ಅರದಿಂದ ಕಚ್ಚಿನ ತಳದವರೆಗೂ ಲೋಹ ತೆಗೆದು, ಚೂಪು ಮೂಲೆ ಎಲ್ಲೂ ಉಳಿಯದಂತೆ ಆಳವಿಲ್ಲದ ತಟ್ಟೆಯ ಆಕಾರಕ್ಕೆ ತರುತ್ತಾರೆ. ಅಂಚಿನ ಗಾಯಕ್ಕೆ ಆಳದ ಹತ್ತು ಪಟ್ಟಾದರೂ ಉದ್ದವಿರಬೇಕು ಎಂಬುದು ಸಾಮಾನ್ಯವಾಗಿ ಬಳಕೆಯಲ್ಲಿರುವ ಅಳತೆ. ಅಲಗಿನ ಮುಖದ ಮೇಲಾದರೆ ಇನ್ನೂ ಹೆಚ್ಚು. ಬಳಿಕ ನಯವಾದ ಎಮರಿ ಕಾಗದದಿಂದ ಅಲಗಿನ ಉದ್ದಕ್ಕೆ, ಅಂದರೆ ಜಗ್ಗುವ ಬಲದ ದಿಕ್ಕಿನಲ್ಲಿ, ಉಜ್ಜುತ್ತಾರೆ. ಅಡ್ಡಕ್ಕೆ ಉಜ್ಜಿದರೆ ಪ್ರತಿಯೊಂದು ಗೀರೂ ಹೊಸ ಬಿರುಕಿಗೆ ಒಂದು ಬಾಗಿಲು. ತೆಗೆದ ಮೇಲೆ ಉಳಿದ ಅಗಲ, ದಪ್ಪಗಳು ತಯಾರಕರ ಕೈಪಿಡಿಯಲ್ಲಿ ಕೊಟ್ಟ ಕನಿಷ್ಠ ಅಳತೆಗಿಂತ ಕಡಿಮೆಯಾದರೆ ಅಲಗು ರದ್ದು. ಸರಿಯಿದ್ದರೆ ಬಿರುಕಿನ ಪರೀಕ್ಷೆ ಮಾಡಿ, ತುಕ್ಕು ತಡೆಯುವ ಲೇಪ ಕೊಟ್ಟು, ಬಣ್ಣ ಹಚ್ಚಿ, ದಾಖಲೆಯಲ್ಲಿ ಬರೆದು, ಪರವಾನಗಿ ಇರುವ ಎಂಜಿನಿಯರ್ ಸಹಿ ಹಾಕುತ್ತಾರೆ. ನಮ್ಮ ದೇಶದಲ್ಲಿ ಆ ಪರವಾನಗಿ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ.

ನನ್ನ ಸೇವೆಯ ಆರಂಭದ ವರ್ಷಗಳಲ್ಲಿ ಒಂದು ತರಬೇತಿ ವಿಮಾನದ ಅಲಗು ನನ್ನ ಕೈಗೆ ಬಂದಿತ್ತು. ಮುಂದಿನ ಅಂಚು ಸವರಲು ಬೆಣ್ಣೆಯಂತಿತ್ತು, ಬಣ್ಣವೂ ಹೊಸದು. ಹಿರಿಯರೊಬ್ಬರು ಬಣ್ಣ ತೆಗೆದು ನೋಡಲು ಹೇಳಿದರು. ತೆಗೆದಾಗ, ಕಾರಿನ ಮೈಯ ತಗ್ಗು ತುಂಬುವ ಪುಟ್ಟಿಯನ್ನು ಒಂದು ಕಚ್ಚಿನೊಳಗೆ ತುಂಬಿ, ಉಜ್ಜಿ, ಮೇಲೆ ಬಣ್ಣ ಬಳಿದಿದ್ದುದು ಗೊತ್ತಾಯಿತು. ಮಾಡಿದವರಿಗೆ ಕೆಟ್ಟ ಉದ್ದೇಶವಿರಲಿಲ್ಲ ಎಂದೇ ನನ್ನ ನಂಬಿಕೆ. ಗಾಯವನ್ನು ಮುಚ್ಚುವುದೇ ದುರಸ್ತಿ ಎಂದು ಅವರು ತಿಳಿದಿದ್ದರು. ಕಚ್ಚು ಹಾಗೇ ಕಾಣುವಂತೆ ಬಿಟ್ಟಿದ್ದರೂ ಅದಕ್ಕಿಂತ ವಾಸಿಯಿತ್ತು, ಯಾರಾದರೊಬ್ಬರ ಬೆರಳಿಗೆ ತಗಲುತ್ತಿತ್ತು. ಅಂದಿನಿಂದ ಹೊಸ ಬಣ್ಣದ ಅಲಗನ್ನು ಕಂಡರೆ ನನಗೆ ಹಳೆಯ ಬಣ್ಣದ್ದಕ್ಕಿಂತ ಹೆಚ್ಚು ಅನುಮಾನ.

ಇನ್ನು ಬಿರುಕನ್ನೇ ಹುಡುಕುವ ಪರೀಕ್ಷೆಗಳು. ಅಲ್ಯೂಮಿನಿಯಂ ಅಲಗಿಗೆ ಅತ್ಯಂತ ಬಳಕೆಯಲ್ಲಿರುವುದು ಡೈ ಪೆನೆಟ್ರೆಂಟ್, ಅಂದರೆ ಬಿರುಕಿನೊಳಗೆ ಬಣ್ಣ ಇಳಿಸಿ ನೋಡುವ ಕ್ರಮ. ಬಣ್ಣ, ಜಿಡ್ಡು ಎಲ್ಲ ತೆಗೆದು ಒಣಗಿಸಿದ ಮೈಗೆ ತೆಳುವಾದ ಕೆಂಪು ದ್ರವ ಹಚ್ಚಿ ಹತ್ತರಿಂದ ಮೂವತ್ತು ನಿಮಿಷ ಬಿಡುತ್ತಾರೆ. ಬಿರುಕಿದ್ದರೆ ದ್ರವ ತಾನಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಮೇಲ್ಮೈಯನ್ನು ಬಟ್ಟೆಯಿಂದ ಒರೆಸಬೇಕು. ಒರೆಸುವ ದ್ರಾವಕವನ್ನು ಬಟ್ಟೆಗೆ ಹಾಕಬೇಕೇ ಹೊರತು ನೇರವಾಗಿ ಅಲಗಿನ ಮೇಲೆ ಸಿಂಪಡಿಸಬಾರದು, ಸಿಂಪಡಿಸಿದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗಿ ಪರೀಕ್ಷೆಯೇ ಸುಳ್ಳಾಗುತ್ತದೆ. ಕೊನೆಗೆ ಬಿಳಿಯ ಪುಡಿಯ ತೆಳುಪದರ ಹಚ್ಚಿದರೆ ಒಳಗಿನ ಕೆಂಪು ಹೊರಕ್ಕೆ ಒಸರಿ, ಬಿಳಿಯ ಮೇಲೆ ಕೆಂಪು ಗೆರೆಯಾಗಿ ನಿಲ್ಲುತ್ತದೆ. ಇದರ ಹಿರಿಯಜ್ಜ ರೈಲ್ವೆ ವರ್ಕ್‌ಶಾಪುಗಳದು: ಹತ್ತೊಂಬತ್ತನೆಯ ಶತಮಾನದಲ್ಲಿ ರೈಲಿನ ಭಾಗಗಳನ್ನು ಎಣ್ಣೆಯಲ್ಲಿ ನೆನೆಸಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿದು ಎಣ್ಣೆ ಎಲ್ಲಿ ಒಸರುತ್ತದೆ ಎಂದು ನೋಡುತ್ತಿದ್ದರು. ಆ ಹಳೆಯ ಕ್ರಮವನ್ನು ನೀವೂ ದಡಕ್ಕೆ ಎಳೆದ ಬೋಟಿನ ಫ್ಯಾನಿಗೆ ಮಾಡಿ ನೋಡಬಹುದು. ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು, ಚೆನ್ನಾಗಿ ಒರೆಸಿ, ಸುಣ್ಣದ ನೀರು ಬಳಿದು ಒಣಗಲು ಬಿಡಿ. ಹಿಂದೆ ವೆಲ್ಡಿಂಗ್ ಮಾಡಿಸಿದ ಜಾಗದ ಬದಿಯಲ್ಲಿ, ಅಲಗು ನಡುಗುಂಬಕ್ಕೆ ಸೇರುವ ಬುಡದಲ್ಲಿ, ಒದ್ದೆಯ ಗೆರೆ ಮೂಡುತ್ತದೆಯೇ ನೋಡಿ.

ಈ ಪರೀಕ್ಷೆಗೆ ಒಂದು ದೊಡ್ಡ ಕೊರತೆಯಿದೆ: ಬಿರುಕಿನ ಬಾಯಿ ಹೊರಗೆ ತೆರೆದಿರಬೇಕು. ಅಲ್ಯೂಮಿನಿಯಂ ಮೆತ್ತನೆಯ ಲೋಹ. ಅದನ್ನು ಜೋರಾಗಿ ಉಜ್ಜಿದರೆ ಮೇಲಿನ ಪದರ ಬಳಿದುಕೊಂಡು ಬಿರುಕಿನ ಬಾಯಿಯನ್ನು ಮುಚ್ಚಿಬಿಡುತ್ತದೆ. ಅದಕ್ಕಾಗಿ ಅಲಗು ಪೂರ್ಣ ದುರಸ್ತಿಗೆ ವರ್ಕ್‌ಶಾಪಿಗೆ ಬಂದಾಗ, ಕಾಸ್ಟಿಕ್ ಸೋಡಾದಂಥ ದ್ರಾವಣದಲ್ಲಿ ಮೇಲ್ಪದರವನ್ನು ತುಸು ಕರಗಿಸಿ, ಆಮ್ಲದಿಂದ ತೊಳೆದು, ಬಾಯಿ ತೆರೆಯಿಸಿಕೊಂಡೇ ಪರೀಕ್ಷೆಗೆ ಇಳಿಯುತ್ತಾರೆ. ಉಜ್ಜುವುದು ಮತ್ತು ಹುಡುಕುವುದು ಒಂದಕ್ಕೊಂದು ಶತ್ರುವಾಗಬಹುದು ಎಂಬ ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಹೇಳುವ ಅಪಘಾತದ ಬೇರು ಅಲ್ಲಿಗೆ ಹತ್ತಿರದಲ್ಲೇ ಇದೆ.

ಹೊರಗೆ ಬಾಯಿಲ್ಲದ ಒಳಬಿರುಕಿಗೆ ಅಲ್ಟ್ರಾಸಾನಿಕ್ ಪರೀಕ್ಷೆ ಬೇಕು. ಅದರ ತತ್ವ ನಿಮಗೆ ಹೊಸದಲ್ಲ: ಬೋಟಿನ ಫಿಶ್ ಫೈಂಡರ್ ನೀರಿನೊಳಕ್ಕೆ ಶಬ್ದ ಕಳಿಸಿ, ಮೀನಿನ ಹಿಂಡಿನಿಂದ ಮತ್ತು ತಳದಿಂದ ಮರಳಿ ಬಂದ ಸದ್ದನ್ನು ಗೆರೆಯಾಗಿ ತೋರಿಸುವಂತೆಯೇ, ಇಲ್ಲಿಯೂ ಕಿವಿಗೆ ಕೇಳಿಸದ ಶಬ್ದವನ್ನು ಲೋಹದೊಳಕ್ಕೆ ಕಳಿಸುತ್ತಾರೆ. ಹಿಂದಿನ ಗೋಡೆಯಿಂದ ಬರಬೇಕಾದ ಪ್ರತಿಧ್ವನಿಗಿಂತ ಮೊದಲೇ ಒಂದು ಪ್ರತಿಧ್ವನಿ ಬಂದರೆ ನಡುವೆ ಏನೋ ಇದೆ ಎಂದರ್ಥ. ಲೋಹಕ್ಕೂ ಉಪಕರಣಕ್ಕೂ ನಡುವೆ ಗಾಳಿ ಉಳಿದರೆ ಶಬ್ದ ದಾಟುವುದಿಲ್ಲವಾದ್ದರಿಂದ ಅಂಟುದ್ರವ ಹಚ್ಚಬೇಕಾಗುತ್ತದೆ. ಮೇಲ್ಮೈಯ ಮತ್ತು ಅದಕ್ಕೆ ತೀರ ಹತ್ತಿರದ ಬಿರುಕಿಗೆ ಎಡ್ಡಿ ಕರೆಂಟ್ ಎಂಬ ವಿದ್ಯುತ್ ಸುರುಳಿಯ ಪರೀಕ್ಷೆಯಿದ್ದು, ಅಲಗುಗಳನ್ನು ಹಿಡಿದಿಡುವ ಹಬ್ಬಿನ ಸಂದುಮೂಲೆಗಳಲ್ಲಿ ಅದು ಬಹಳ ಉಪಯುಕ್ತ. ಉಕ್ಕಿನ ಭಾಗಗಳನ್ನು ಕಾಂತೀಯಗೊಳಿಸಿ ಕಬ್ಬಿಣದ ಸಣ್ಣ ಪುಡಿ ಹಾಕಿ ನೋಡುತ್ತಾರೆ. ಅಲ್ಯೂಮಿನಿಯಂಗೆ ಅದು ನಡೆಯದು. ಕೆಲವು ಹಬ್ಬುಗಳೊಳಗೆ ಕೆಂಪು ಬಣ್ಣ ಬೆರೆಸಿದ ಎಣ್ಣೆಯನ್ನೇ ತುಂಬಿಟ್ಟಿರುತ್ತಾರೆ. ಹಬ್ಬಿನಲ್ಲಿ ಬಿರುಕು ಬಿಟ್ಟರೆ ಹೊರಗೆ ಕೆಂಪು ಒಸರುತ್ತದೆ, ಯಾವ ಯಂತ್ರವೂ ಬೇಡ. ಈ ಯೋಚನೆ ಮಾಡಿದವರನ್ನು ನಾನು ಬಹಳ ಮೆಚ್ಚುತ್ತೇನೆ.

ಈಗ ಆ ಅಪಘಾತ. 1995ರ ಆಗಸ್ಟ್ 21ರಂದು ಅಮೆರಿಕದ ಅಟ್ಲಾಂಟಾದಿಂದ ಗಲ್ಫ್‌ಪೋರ್ಟಿಗೆ ಹೊರಟ, ಎರಡು ಎಂಜಿನ್ನುಗಳ ಎಂಬ್ರಾಯರ್ ಬ್ರೆಸೀಲಿಯಾ ವಿಮಾನದಲ್ಲಿ 29 ಜನರಿದ್ದರು. 18,000 ಅಡಿ ದಾಟಿ ಮೇಲೇರುತ್ತಿದ್ದಾಗ ಎಡ ಪ್ರೊಪೆಲ್ಲರಿನ ಒಂದು ಅಲಗಿನ ಬಹುಭಾಗ ಮುರಿದು ಹಾರಿತು. ತೂಕ ತಪ್ಪಿದ ಹೊಡೆತಕ್ಕೆ ಎಂಜಿನ್ನೇ ತನ್ನ ಜಾಗದಿಂದ ಕಿತ್ತು ರೆಕ್ಕೆಯ ಮೇಲೆ ವಾಲಿಕೊಂಡಿತು. ಇನ್ನೊಂದು ಎಂಜಿನ್ ಸರಿಯಾಗಿದ್ದರೂ, ವಾಲಿದ ಎಂಜಿನ್ ಗಾಳಿಗೆ ಒಡ್ಡಿದ ಅಡ್ಡಿಯಿಂದಾಗಿ ವಿಮಾನ ಎತ್ತರ ಉಳಿಸಿಕೊಳ್ಳಲಾರದೆ ಜಾರ್ಜಿಯಾದ ಕ್ಯಾರಲ್ಟನ್ ಬಳಿಯ ಹೊಲದಲ್ಲಿ ಇಳಿದು ಬೆಂಕಿಗೆ ತುತ್ತಾಯಿತು. ಒಂಬತ್ತು ಜನ ತೀರಿಕೊಂಡರು.

ತನಿಖೆಯಲ್ಲಿ ತಿಳಿದ ಸಂಗತಿ ಈ ಕೆಲಸ ಮಾಡುವ ಎಲ್ಲರೂ ಬಾಯಿಪಾಠ ಮಾಡಬೇಕಾದದ್ದು. ಆ ಅಲಗಿನ ಬುಡದೊಳಗೆ ಉದ್ದಕ್ಕೆ ಕೊರೆದ ಒಂದು ಟೊಳ್ಳು ಇತ್ತು. ಅಲಗಿನ ತೂಕ ಸರಿದೂಗಿಸಲು ಅದರೊಳಗೆ ಸೀಸದ ಎಳೆಗಳನ್ನು ತುಂಬಿ ಬಿರಡೆ ಹಾಕುತ್ತಿದ್ದರು. ಬಿರಡೆಯನ್ನು ಬಿಳುಪು ಮಾಡಲು ಬಳಸಿದ ಕ್ಲೋರಿನ್ನಿನ ಅಂಶ ತೇವದೊಂದಿಗೆ ಸೇರಿ, ಟೊಳ್ಳಿನ ಗೋಡೆಯಲ್ಲಿ ತುಕ್ಕಿನ ಸಣ್ಣ ಕುಳಿಗಳನ್ನು ಮಾಡಿತು; ಕುಳಿಯಿಂದ ಬಿರುಕು ಹುಟ್ಟಿತು. 1994ರ ಮಾರ್ಚ್ ತಿಂಗಳಲ್ಲಿ ಬ್ರೆಜಿಲ್ ಮತ್ತು ಕೆನಡಾಗಳಲ್ಲಿ ಇದೇ ಬಗೆಯಲ್ಲಿ ಎರಡು ಅಲಗುಗಳು ಹಾರಾಟದಲ್ಲೇ ಮುರಿದಿದ್ದವು, ಆ ವಿಮಾನಗಳು ಕ್ಷೇಮವಾಗಿ ಇಳಿದಿದ್ದವು. ಆದ್ದರಿಂದ ಆ ಬಗೆಯ ಎಲ್ಲ ಅಲಗುಗಳಿಗೂ ಅಲ್ಟ್ರಾಸಾನಿಕ್ ಪರೀಕ್ಷೆಯ ಆದೇಶ ಹೊರಟಿತು. ಮುಂದೆ ಮುರಿಯಲಿದ್ದ ಅಲಗು ಆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿತು! ಅದನ್ನು ಕಳಚಿ ತಯಾರಕರ ದುರಸ್ತಿ ಕೇಂದ್ರಕ್ಕೆ ಕಳಿಸಿದರು. ಅಲ್ಲಿನ ತಂತ್ರಜ್ಞ ಟೊಳ್ಳಿನೊಳಕ್ಕೆ ಬೋರ್‌ಸ್ಕೋಪ್, ಅಂದರೆ ಒಳಭಾಗ ನೋಡುವ ಸಪೂರ ನಳಿಗೆಯ ಉಪಕರಣ, ಇಳಿಸಿ ನೋಡಿದಾಗ ತುಕ್ಕು ಕಾಣಲಿಲ್ಲ. ಉಪಕರಣದ ಗೀರುಗಳಿಂದಾಗಿ ಸುಳ್ಳು ಪ್ರತಿಧ್ವನಿ ಬಂದಿರಬಹುದೆಂಬ ಊಹೆಗೆ ಅವಕಾಶವಿದ್ದ ಕಾರಣ, ಒಳಗೋಡೆಯನ್ನು ಉಜ್ಜಿ ನಯ ಮಾಡಿದರು. ಮತ್ತೆ ಪರೀಕ್ಷಿಸಿದಾಗ ಅಲಗು ಪಾಸಾಯಿತು. ಬಿರುಕು ಅಲ್ಲೇ ಇತ್ತು. ಅದರ ಸುಳಿವು ಮಾತ್ರ ಅಳಿಸಿತ್ತು. ಮುಂದಿನ ವರ್ಷದ ಆಗಸ್ಟಿನವರೆಗೆ ಅದು ಹಾರಿತು. ಆ ಅವಧಿಯಲ್ಲಿ ಅಂಥ ಅಲಗುಗಳನ್ನು ಮತ್ತೆ ಮತ್ತೆ ಪರೀಕ್ಷಿಸಬೇಕೆಂಬ ನಿಯಮ ಇರಲಿಲ್ಲ ಎಂಬುದನ್ನೂ ತನಿಖೆ ದೋಷವೆಂದು ಎತ್ತಿ ಹೇಳಿತು.

ಉಪಕರಣ ಇಲ್ಲಿ ತಪ್ಪಲಿಲ್ಲ ಎಂಬುದನ್ನು ಗಮನಿಸಿ. ಮೊದಲ ಬಾರಿ ಅದು ಸರಿಯಾಗಿಯೇ ಹೇಳಿತ್ತು. ಹೇಳಿದ್ದಕ್ಕೆ ಕಾರಣ ಸಿಗದಿದ್ದಾಗ, ಕಾರಣ ಸಿಗುವವರೆಗೆ ಅಲಗನ್ನು ಬದಿಗಿಡುವ ಬದಲು ಸೂಚನೆಯನ್ನೇ ತೊಡೆದುಹಾಕಿದ್ದು ತಪ್ಪು. ನನ್ನ ಪುಟ್ಟಿಯ ಕಥೆಗೂ ಇದಕ್ಕೂ ಸಂಬಂಧ ಕಾಣುತ್ತದೆಯಲ್ಲವೇ?

ಇದು ಹಳೆಯ ಮಾತಾಯಿತು ಎನ್ನುವಂತಿಲ್ಲ. 2017ರ ಜುಲೈ 10ರಂದು ಮಿಸಿಸಿಪಿ ರಾಜ್ಯದಲ್ಲಿ ಅಮೆರಿಕದ ಮರೀನ್ ಪಡೆಯ ಕೆಸಿ-130ಟಿ ವಿಮಾನದ ಎರಡನೆಯ ಎಂಜಿನ್ನಿನ ಒಂದು ಅಲಗು ಬುಡದಲ್ಲಿ ಮುರಿದು ವಿಮಾನದ ಮೈಯನ್ನೇ ಸೀಳಿತು, ಹದಿನಾರು ಜನರೂ ಮಡಿದರು. ಬೇರು ಅಲ್ಲಿಯೂ ಟೊಳ್ಳಿನೊಳಗಿನ ತುಕ್ಕಿನ ಕುಳಿ, 2011ರಲ್ಲಿ ನಡೆದ ಪೂರ್ಣ ದುರಸ್ತಿಯಲ್ಲಿ ಅದನ್ನು ತೆಗೆದಿರಲಿಲ್ಲ. ಬಿರುಕು ಅಲಗಿನಲ್ಲೇ ಇರಬೇಕೆಂದೂ ಇಲ್ಲ. ಅದೇ 2017ರ ಮಾರ್ಚ್ 17ರಂದು ಆಸ್ಟ್ರೇಲಿಯಾದ ಸಿಡ್ನಿ ಹತ್ತಿರ ಸಾಬ್ 340 ವಿಮಾನವೊಂದರ ಇಡೀ ಪ್ರೊಪೆಲ್ಲರ್ ಕಳಚಿ ಬಿದ್ದಿತು. ಬಿರುಕು ಹುಟ್ಟಿದ್ದು ಪ್ರೊಪೆಲ್ಲರನ್ನು ಹಿಡಿದಿದ್ದ ಶಾಫ್ಟಿನ ತಟ್ಟೆಯಲ್ಲಿ, ಒಂದು ಪಿನ್ನಿನ ತೂತಿನ ಬಳಿ. ಪೈಲಟ್‌ಗಳು ಉಳಿದ ಒಂದೇ ಎಂಜಿನ್ನಿನಲ್ಲಿ ಕ್ಷೇಮವಾಗಿ ಇಳಿಸಿದರು.

ಉಪ್ಪುಗಾಳಿಯ ನಿಮ್ಮ ಪ್ರಶ್ನೆಗೆ ಇಷ್ಟರಲ್ಲಿ ಅರ್ಧ ಉತ್ತರ ಸಿಕ್ಕಿರಬೇಕು. ಅಲ್ಯೂಮಿನಿಯಂ ತನ್ನ ಮೇಲೆ ತಾನೇ ತೆಳುವಾದ ಆಕ್ಸೈಡ್ ಪೊರೆ ಕಟ್ಟಿಕೊಂಡು ಬದುಕುವ ಲೋಹ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಚುಚ್ಚುತ್ತದೆ. ಕಬ್ಬಿಣದಂತೆ ಇಡೀ ಮೈ ಕೆಂಪಾಗಿ ಎಚ್ಚರಿಸದೆ, ಸಾಸಿವೆಗಿಂತ ಸಣ್ಣ ಬಾಯಿಯ, ಒಳಕ್ಕೆ ಆಳವಾದ ಕುಳಿಗಳು ಬೀಳುತ್ತವೆ. ಹೊರಗೆ ಕಾಣುವುದು ಒಂದಿಷ್ಟು ಬಿಳಿ ಹುಡಿ, ಅಥವಾ ಬಣ್ಣದ ಕೆಳಗೆ ಎದ್ದ ಬೊಕ್ಕೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಉಳಿದ ತಿಂಗಳುಗಳಲ್ಲೂ ಬೆವರು ಆರದಂಥ ತೇವ. ಹೀಗಿರುವಲ್ಲಿ ನಿಲ್ಲುವ ವಿಮಾನಗಳಿಗೆ ಸಿಹಿನೀರಿನಿಂದ ಆಗಾಗ ತೊಳೆಯುವುದು ಮೊದಲ ಔಷಧ. ನೀರು ಹಾಯಿಸುವಾಗ ಬೋಟಿನ ತಳ ತೊಳೆಯುವ ಪ್ರೆಶರ್ ಪಂಪನ್ನು ಹಬ್ಬಿನತ್ತ ಹಿಡಿಯಬಾರದು, ಸೀಲುಗಳನ್ನು ದಾಟಿ ಒಳಗೆ ಹೋದ ನೀರು ಹೊರಗಿನ ಉಪ್ಪಿಗಿಂತ ಕೆಟ್ಟದ್ದು. ಹಾರದೆ ನಿಂತ ವಿಮಾನ ಸುರಕ್ಷಿತ ಎಂಬುದೂ ತಪ್ಪು ಕಲ್ಪನೆ. ಪ್ರೊಪೆಲ್ಲರಿನ ಪೂರ್ಣ ದುರಸ್ತಿಗೆ ಹಾರಾಟದ ಗಂಟೆಗಳ ಮಿತಿಯ ಜತೆಗೆ ಅನೇಕ ಮಾದರಿಗಳಲ್ಲಿ ಐದಾರು ವರ್ಷಗಳ ಮಿತಿಯನ್ನೂ ಇಟ್ಟಿರುವುದು ಇದಕ್ಕಾಗಿಯೇ, ಏಕೆಂದರೆ ದಣಿವು ಗಂಟೆ ಎಣಿಸುತ್ತದೆ, ತುಕ್ಕು ಪಂಚಾಂಗ ನೋಡುತ್ತದೆ. ಕಡಲ ಮೇಲೆ ಗಸ್ತು ತಿರುಗುವ ವಿಮಾನಗಳ ನಿರ್ವಹಣೆ ಈ ಲೆಕ್ಕದಲ್ಲೇ ನಡೆಯುತ್ತದೆ. ಗೋವಾದ ಹಂಸ ನೌಕಾನೆಲೆಯಲ್ಲಿ ಪ್ರೊಪೆಲ್ಲರಿನ ಡಾರ್ನಿಯರ್ ವಿಮಾನಗಳು ದಶಕಗಳಿಂದ ಇದೇ ಗಾಳಿಯಲ್ಲಿ ಕೆಲಸ ಮಾಡಿವೆ. ಆದ್ದರಿಂದ ಅಲಗೇರಿಯ ಗಾಳಿ ತೊಂದರೆ ಕೊಡುತ್ತದೆ, ಆದರೆ ಗೊತ್ತಿರುವ ತೊಂದರೆ.

ನೀವು ಹತ್ತಿದ ಎಟಿಆರ್ 72 ವಿಮಾನದ ಪ್ರೊಪೆಲ್ಲರಿಗೆ ಆರು ಅಲಗುಗಳು, ಸುಮಾರು ನಾಲ್ಕು ಮೀಟರ್ ಅಡ್ಡಳತೆ. ಅವುಗಳ ಅಲಗು ಅಲ್ಯೂಮಿನಿಯಂನದ್ದಲ್ಲ. ನಾರುಗಳನ್ನು ರಾಳದಲ್ಲಿ ಕೂಡಿಸಿ ಮಾಡಿದ ಸಂಯುಕ್ತ ವಸ್ತುವಿನದು, ಮುಂದಿನ ಅಂಚಿಗೆ ನಿಕಲ್ ಕವಚವಿದೆ. ಮೇಲೆ ಹೇಳಿದ ಕುಳಿಯ ಕಾಟ ಅಲಗಿನ ಮೈಗಿಲ್ಲ, ಲೋಹದ ಬುಡಕ್ಕೆ ಮತ್ತು ಹಬ್ಬಿಗೆ ಇದ್ದೇ ಇದೆ. ಸಂಯುಕ್ತ ಅಲಗಿನ ಕಾಯಿಲೆ ಬೇರೆ: ಪದರಗಳು ಒಂದರಿಂದೊಂದು ಬಿಡುವುದು, ಕವಚ ಮೇಲೇಳುವುದು, ಸಿಡಿಲು ಬಡಿದು ಸುಟ್ಟ ಚುಕ್ಕೆ ಉಳಿಯುವುದು. ಇಲ್ಲಿ ನಾಣ್ಯದಂಥ ವಸ್ತುವಿನಿಂದ ಅಲಗಿನ ಮೇಲೆ ಉದ್ದಕ್ಕೂ ಮೆಲ್ಲಗೆ ಬಡಿದು ಸದ್ದು ಕೇಳುವ ಪರೀಕ್ಷೆ ಇಂದಿಗೂ ಅಧಿಕೃತ. ನನ್ನ ಊರು ಶಿರಸಿಯ ಕಡೆ; ಹಲಸಿನ ಕಾಯಿಗೆ ಬೆರಳಿನಿಂದ ಬಡಿದು ಒಳಗಿನ ತೊಳೆ ಬಲಿತಿದೆಯೇ ಎಂದು ಹೇಳುವವರನ್ನು ಕಂಡು ಬೆಳೆದವನಿಗೆ ಈ ಪರೀಕ್ಷೆ ಕಲಿಯಲು ಕಷ್ಟವಾಗಲಿಲ್ಲ. ಗಟ್ಟಿ ಭಾಗ ಖಣ್ ಎನ್ನುತ್ತದೆ, ಪದರ ಬಿಟ್ಟ ಕಡೆ ಸದ್ದು ಮಂಕಾಗುತ್ತದೆ. ಮಂಕಾದ ಜಾಗವನ್ನು ಪೆನ್ಸಿಲಿನಿಂದ ಸುತ್ತು ಹಾಕಿ, ಅದರ ಅಗಲ ಮಿತಿಯೊಳಗಿದೆಯೇ ಎಂದು ಕೈಪಿಡಿಯಲ್ಲಿ ನೋಡುತ್ತಾರೆ.

ಅಲಗಿನ ಮುಂದಿನ ಅಂಚು, ಬುಡ, ಹಬ್ಬು ಎಂದೆಲ್ಲ ನಾನು ಹೇಳಿದ್ದನ್ನು ಹತ್ತಿರದಿಂದ ನೋಡಬೇಕೆಂದಿದ್ದರೆ ನಿಮಗೆ ದೂರ ಹೋಗಬೇಕಿಲ್ಲ. ನಿಮ್ಮ ಕಾರವಾರದ ಟಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯ ಪಕ್ಕ ನಿಲ್ಲಿಸಿರುವ ಟುಪೊಲೆವ್ 142 ವಿಮಾನ ನೌಕಾಪಡೆಯಿಂದ 2017ರಲ್ಲಿ ನಿವೃತ್ತವಾದ ಮಾದರಿ. ಅದರ ನಾಲ್ಕು ಎಂಜಿನ್ನುಗಳಿಗೆ ತಲಾ ಎರಡು ಪ್ರೊಪೆಲ್ಲರ್, ಒಂದರ ಹಿಂದೊಂದು ವಿರುದ್ಧ ದಿಕ್ಕಿಗೆ ತಿರುಗುವಂಥವು, ಪ್ರತಿಯೊಂದಕ್ಕೂ ನಾಲ್ಕು ಅಲಗು. ಹಾರುವ ಕಾಲದಲ್ಲಿ ಪ್ರತಿ ತಪಾಸಣೆಗೆ ಮೂವತ್ತೆರಡು ಅಲಗುಗಳ ಅಂಚು ಸವರಬೇಕಿತ್ತು.

ಕೊನೆಯದಾಗಿ, ಬಿರುಕು ಸಿಕ್ಕಿ ರದ್ದಾದ ಅಲಗಿಗೆ ಏನಾಗುತ್ತದೆ ಎಂಬುದು. ದಾಖಲೆಯಲ್ಲಿ ಅದರ ಕ್ರಮಸಂಖ್ಯೆಯ ಮುಂದೆ ರದ್ದು ಎಂದು ಬರೆದು, ಕೆಂಪು ಚೀಟಿ ಕಟ್ಟಿ, ಬೀಗ ಹಾಕಿದ ಕೋಣೆಯಲ್ಲಿಡುತ್ತಾರೆ. ತಯಾರಕರು ಅಧ್ಯಯನಕ್ಕೆಂದು ಕೇಳಿದರೆ ಕಳಿಸುತ್ತಾರೆ. ಇಲ್ಲವಾದರೆ ಒಳ್ಳೆಯ ವರ್ಕ್‌ಶಾಪುಗಳಲ್ಲಿ ಅದನ್ನು ಗರಗಸದಿಂದ ಅಡ್ಡಕ್ಕೆ ತುಂಡು ಮಾಡಿಯೇ ಗುಜರಿಗೆ ಕೊಡುತ್ತಾರೆ, ಯಾರೋ ಒಬ್ಬರು ಎಲ್ಲೋ ಅದನ್ನು ಬೆಸೆದು, ಉಜ್ಜಿ, ಬಣ್ಣ ಬಳಿದು ಮತ್ತೆ ಮಾರಾಟಕ್ಕೆ ಇಡದಿರಲಿ ಎಂದು.